ಪ್ರಾಸ್ಟೇಟ್ ಗ್ರಂಥಿಯ ತಳಕೋಶಗಳು
(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಪ್ರಾಸ್ಟೇಟ್ ಎಂಬ ಹೆಸರೆತ್ತಿದರೆ ನಮ್ಮ ಹಿರಿಯರಿಗೆ ಮುಜುಗರ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗಿ ಬಂದರೂ ಹೆತ್ತ ಮಗನಿಗೆ ಹೇಳುವುದಿಲ್ಲ. ಆದ್ದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಅಕ್ರೋಟು ಗಾತ್ರದ ಈ ಗ್ರಂಥಿ ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಇದರ ಕೆಲಸ. ಗ್ರಂಥಿಯೊಳಗಿನ ಸಣ್ಣ ಸಣ್ಣ ಕೊಳವೆಗಳ ಗೋಡೆಯಲ್ಲಿ ಮುಖ್ಯವಾಗಿ ಎರಡು ಸಾಲು ಜೀವಕೋಶಗಳಿವೆ. ಒಳಸಾಲಿನ ಎತ್ತರದ ಕೋಶಗಳು ದ್ರವವನ್ನು ಸ್ರವಿಸುತ್ತವೆ. ರಕ್ತಪರೀಕ್ಷೆಯಲ್ಲಿ ನೋಡುವ ಪಿಎಸ್‌ಎ ಎಂಬ ಪ್ರೋಟೀನನ್ನು ತಯಾರಿಸುವುದೂ ಇವೇ. ಇವುಗಳ ಅಡಿಯಲ್ಲಿ ತಳಪೊರೆಗೆ ಅಂಟಿಕೊಂಡು ಚಪ್ಪಟೆಯಾದ ಕೋಶಗಳಿರುತ್ತವೆ. ಇವೇ ಬೇಸಲ್ ಕೋಶಗಳು, ಅಂದರೆ ತಳಕೋಶಗಳು. ಮೂರನೆಯ ಬಗೆಯ ವಿರಳ ಕೋಶಗಳೂ ಇವೆ, ಇಂದು ಅವುಗಳ ಗೊಡವೆ ಬೇಡ.

ಸಾಮಾನ್ಯವಾಗಿ ಪಿಎಸ್‌ಎ ಕೊಳವೆಯ ಒಳಗೇ ಉಳಿಯುತ್ತದೆ. ತಳಕೋಶಗಳ ಸಾಲೂ ತಳಪೊರೆಯೂ ಹಾಳಾದರೆ ಅದು ಹೆಚ್ಚಾಗಿ ರಕ್ತಕ್ಕೆ ಸೋರುತ್ತದೆ. ಆದರೆ ಸೋಂಕಿನಿಂದಲೂ, ವಯಸ್ಸಿನೊಡನೆ ಬರುವ ನಿರಪಾಯ ಊತದಿಂದಲೂ ಪಿಎಸ್‌ಎ ಏರುವುದುಂಟು. ಆಗ ವೈದ್ಯರು ಅನುಮಾನವಿದ್ದವರಿಗೆ ಸೂಜಿಯಿಂದ ದಾರದೆಳೆಯಂಥ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ.

ಪೆಥಾಲಜಿಸ್ಟರ ಕಷ್ಟ ಶುರುವಾಗುವುದು ಇಲ್ಲಿ. ಸಾಮಾನ್ಯವಾಗಿ ಕಾಣುವ ಪ್ರಾಸ್ಟೇಟ್ ಕ್ಯಾನ್ಸರ್ ಸೂಕ್ಷ್ಮದರ್ಶಕದಲ್ಲಿ ಹಲವು ಸಲ ಒಳ್ಳೆಯ ಗ್ರಂಥಿಯಂತೆಯೇ ತೋರುತ್ತದೆ. ಒಂದು ವ್ಯತ್ಯಾಸ ಮಾತ್ರ ಮುಖ್ಯ: ಕ್ಯಾನ್ಸರಿನಲ್ಲಿ ತಳಕೋಶಗಳ ಸಾಲು ಮಾಯವಾಗಿರುತ್ತದೆ, ನಿರಪಾಯ ಊತದಲ್ಲಿ ಉಳಿದಿರುತ್ತದೆ. ಮಾಮೂಲಿ ಬಣ್ಣದಲ್ಲಿ ಈ ಚಪ್ಪಟೆ ಕೋಶಗಳನ್ನು ಗುರುತಿಸುವುದು ಸುಲಭವಲ್ಲ. ಅದಕ್ಕಾಗಿ ಪಿ-63 ಎಂಬ ಪ್ರೋಟೀನಿಗೂ, ತಳಕೋಶಗಳಲ್ಲಿರುವ ಕೆರಾಟಿನ್‌ಗಳಿಗೂ ಅಂಟುವ ಪ್ರತಿಕಾಯಗಳನ್ನು ಬಳಸಿ ಬಣ್ಣ ಹಾಕುತ್ತಾರೆ. ಕೊಳವೆಯ ಸುತ್ತ ಬಣ್ಣದ ಅಂಚು ಕಂಡರೆ ನೆಮ್ಮದಿ. ಅನುಮಾನದ ಕೊಳವೆಗಳಲ್ಲಿ ಎಲ್ಲೂ ಅಂಚಿಲ್ಲದಿದ್ದರೆ ಕ್ಯಾನ್ಸರಿನ ಕಡೆಗೆ ತೂಕ ಹೆಚ್ಚು. ಕೆಲವು ನಿರಪಾಯ ಕೊಳವೆಗಳಲ್ಲೂ ಈ ಸಾಲು ತುಂಡುತುಂಡಾಗಿರುತ್ತದೆ. ಹೀಗಾಗಿ ಎರಡು ಮೂರು ಕೊಳವೆಗಳನ್ನಷ್ಟೇ ನೋಡಿ ತೀರ್ಪು ಕೊಡುವುದು ಸರಿಯಲ್ಲ. ತಪ್ಪಾಗಿ ಕ್ಯಾನ್ಸರ್ ಎಂದರೆ ಬೇಡದ ಶಸ್ತ್ರಕ್ರಿಯೆ, ಅದರಿಂದ ಮೂತ್ರದ ಹತೋಟಿ ತಪ್ಪುವ ಅಪಾಯ. ತಪ್ಪಾಗಿ ಇಲ್ಲವೆಂದರೆ ರೋಗ ಹರಡುವ ಅಪಾಯ.

ವಿದ್ಯಾರ್ಥಿಗಳಿಗೆ ಇನ್ನೊಂದು ಸ್ವಾರಸ್ಯ ಹೇಳಬೇಕು. ಗಂಡು ಹಾರ್ಮೋನನ್ನು ತಡೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿದರು; 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಲಿಗಳಲ್ಲಿ ಹಾರ್ಮೋನ್ ತಡೆದಾಗ ಎತ್ತರದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ತಳಕೋಶಗಳು ಹೆಚ್ಚಾಗಿ ಬದುಕುತ್ತವೆ. ಮತ್ತೆ ಹಾರ್ಮೋನ್ ಕೊಟ್ಟರೆ ಗ್ರಂಥಿ ಮತ್ತೆ ಬೆಳೆಯುತ್ತದೆ. ಹಾಗಾದರೆ ತಳಕೋಶಗಳೇ ತಾಯಿಕೋಶಗಳು ಎಂದು ಬಹಳ ಕಾಲ ನಂಬಿದ್ದರು. ಪಿ-63 ಜೀನ್ ಇಲ್ಲದ ಇಲಿಗಳಲ್ಲಿ ಪ್ರಾಸ್ಟೇಟ್ ಬೆಳೆಯುವುದೇ ಇಲ್ಲ ಎಂದು 2000ದಲ್ಲಿ ತಿಳಿದಾಗ ಆ ನಂಬಿಕೆ ಗಟ್ಟಿಯಾಯಿತು. ಆಮೇಲೆ ಚಿತ್ರ ಬದಲಾಯಿತು. ಬೆಳೆದ ಇಲಿಗಳಲ್ಲಿ ಎರಡು ಸಾಲುಗಳೂ ಬಹುಮಟ್ಟಿಗೆ ತಮ್ಮ ತಮ್ಮ ಸಂತಾನವನ್ನೇ ಮುಂದುವರಿಸುತ್ತವೆ ಎಂದು 2012ರ ಪ್ರಯೋಗಗಳು ತೋರಿಸಿದವು.

ಇದಕ್ಕಿಂತ ಸೋಜಿಗದ ಸಂಗತಿ 2010ರದು. ಅಮೆರಿಕದ ವಿಜ್ಞಾನಿಗಳು ಮನುಷ್ಯನ ತಳಕೋಶಗಳಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಜೀನ್‌ಗಳನ್ನು ಸೇರಿಸಿ ಇಲಿಗಳಲ್ಲಿ ಬೆಳೆಸಿದರು. ಕ್ಯಾನ್ಸರ್ ಹುಟ್ಟಿತು, ಆದರೆ ಆ ಗಡ್ಡೆಯಲ್ಲಿ ತಳಕೋಶಗಳ ಸಾಲು ಇರಲಿಲ್ಲ! ಅಂದರೆ ರೋಗ ತಳಕೋಶದಿಂದ ಹುಟ್ಟಿದರೂ ಅದರ ಗುರುತು ಅಳಿಸಿಹೋಗಬಲ್ಲದು. ಎತ್ತರದ ಕೋಶಗಳಿಂದಲೂ ರೋಗ ಹುಟ್ಟಬಲ್ಲದೆಂದು ಇಲಿಗಳಲ್ಲಿ ಕಂಡಿದೆ.

ಕೊನೆಯದಾಗಿ ಮನೆಯವರು ತಿಳಿದಿರಬೇಕಾದ ಮಾತು. ಬಯಾಪ್ಸಿಯ ಚೂರುಗಳನ್ನು ಮೇಣದ ಬ್ಲಾಕಿನಲ್ಲಿ ಕಾದಿಡುತ್ತಾರೆ. ವರದಿಯಲ್ಲಿ ಅನುಮಾನವೆಂದಷ್ಟೇ ಬರೆದಿದ್ದರೆ ತಳಕೋಶಗಳ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಆಗಿಲ್ಲದಿದ್ದರೆ, ಬ್ಲಾಕಿನಲ್ಲಿ ಆ ಭಾಗ ಉಳಿದಿದ್ದಲ್ಲಿ, ಮತ್ತೆ ಸೂಜಿ ಚುಚ್ಚಿಸಿಕೊಳ್ಳದೆಯೇ ಅದರಿಂದ ಹೊಸ ತೆಳುಪದರ ಕತ್ತರಿಸಿ ಬಣ್ಣ ಹಾಕಿ ನೋಡಬಹುದು.