ಪರ್ವತದ ಪುಟ್ಟ ಜೀವಿಗೆ ಸ್ವಯಂಸೇವಕರ ಕಾವಲು



ಅಮೆರಿಕದ ಕೊಲರಾಡೊ ರಾಜ್ಯದ ರಾಕಿ ಪರ್ವತಶ್ರೇಣಿಯಲ್ಲಿ ಪೈಕಾ ಎಂಬ ಪುಟ್ಟ ಸಸ್ತನಿಯೊಂದು ವಾಸಿಸುತ್ತದೆ. ನೋಟಕ್ಕೆ ಇಲಿಯಂತಿದ್ದರೂ ಇದು ಮೊಲದ ಬಂಧು. ಬಂಡೆಗಳ ರಾಶಿಯೇ ಇದರ ನೆಲೆ. ಚಳಿಗಾಲದಲ್ಲಿ ದೀರ್ಘನಿದ್ರೆಗೆ ಸಲ್ಲದ ಈ ಜೀವಿಯು ಬೇಸಿಗೆಯಲ್ಲೇ ಹುಲ್ಲು, ಹೂಗಿಡಗಳನ್ನು ಕೊಯ್ದು ಬಂಡೆಗಳ ಸಂದಿಯಲ್ಲಿ ಬಣವೆಯಂತೆ ಒಟ್ಟಿಕೊಳ್ಳುತ್ತದೆ.

ಚಳಿಯಿಂದ ಕಾಯುವ ದಟ್ಟ ತುಪ್ಪಳವೇ ಸೆಖೆಯಲ್ಲಿ ಇದಕ್ಕೆ ಮಾರಕ. ಬಂಡೆಗಳಡಿಯ ತಂಪು ದೊರೆಯದೆ ಸುಮಾರು 26 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಕೆಲವು ಗಂಟೆ ಉಳಿದರೆ ಸಾವು ಸಂಭವಿಸಬಹುದು. ಭೂತಾಪ ಏರಿದಂತೆ ಪೈಕಾ ಮೇಲಕ್ಕೆ ಸರಿಯಬೇಕು. ಶಿಖರದ ಆಚೆಗೆ ನೆಲೆಯಿಲ್ಲ.

ಆದುದರಿಂದ 2010ರಲ್ಲಿ ಅಲ್ಲಿ ಸಾರ್ವಜನಿಕರ ನೆರವಿನ ಸಮೀಕ್ಷೆಯೊಂದು ಆರಂಭವಾಯಿತು. ತರಬೇತಿ ಪಡೆದ ಸ್ವಯಂಸೇವಕರು ಬೇಸಿಗೆಯಲ್ಲಿ ನಿಗದಿತ ತಾಣಗಳಿಗೆ ನಡೆದುಹೋಗಿ, ಪೈಕಾದ ಕೀರಲು ಕೂಗಿಗೆ ಕಿವಿಗೊಟ್ಟು, ಹುಲ್ಲಿನ ಬಣವೆಗಳನ್ನೂ ಹಿಕ್ಕೆಗಳನ್ನೂ ಹುಡುಕಿ, ಕಂಡುದನ್ನು ದಾಖಲಿಸುತ್ತಾರೆ. ಪ್ರಾಣಿಯನ್ನು ಹಿಡಿಯುವ ಅಗತ್ಯವಿಲ್ಲ.

ಇಡೀ ದಿನ ಬೆಟ್ಟವೇರಿಯೂ ಏನೂ ಕಾಣದಿದ್ದಲ್ಲಿ ಆ ಶ್ರಮ ವ್ಯರ್ಥವಲ್ಲ. "ಇಲ್ಲಿ ಪೈಕಾ ಕಂಡುಬರಲಿಲ್ಲ" ಎಂಬ ಪ್ರಾಮಾಣಿಕ ಬರಹವೂ "ಕಂಡಿತು" ಎಂಬುದರಷ್ಟೇ ಬೆಲೆಯುಳ್ಳದ್ದು. ಹಿಂದೆ ಇದ್ದ ತಾಣದಲ್ಲಿ ಈಗ ಇಲ್ಲವೆಂಬುದು ವರ್ಷವರ್ಷದ ಇಂತಹ ದಾಖಲೆಗಳಿಂದಲೇ ತಿಳಿಯುತ್ತದೆ. ಉತ್ಸಾಹದಿಂದ ಇಲ್ಲದ್ದನ್ನು ಇದೆಯೆಂದು ಬರೆದರೆ ಅಪಾಯದ ಸೂಚನೆಯೇ ಅಳಿಸಿಹೋಗುತ್ತದೆ.

ಭಾರತದ ಹಿಮಾಲಯದಲ್ಲಿಯೂ ಪೈಕಾದ ಹಲವು ಪ್ರಭೇದಗಳಿವೆ. ಅಲ್ಲಿ ಚಾರಣ ಕೈಗೊಳ್ಳುವವರು ಬಂಡೆಗಳ ನಡುವೆ ಕ್ಷಣಕಾಲ ಮೌನವಾಗಿ ನಿಂತು, ಕಂಡ ಸ್ಥಳ, ದಿನಾಂಕ ಮತ್ತು ಎತ್ತರಗಳನ್ನು ತಪ್ಪದೆ ಬರೆದಿಡುವುದು ವಿಜ್ಞಾನಕ್ಕೆ ಸಲ್ಲಿಸಬಹುದಾದ ಸರಳ ಸೇವೆ.