ಇತ್ಯರ್ಥವಾಗದ ಅರ್ಜಿ: ಪ್ಯಾಲೆಸ್ತೀನಿಯರ ನಕ್ಬಾ ಸ್ಮರಣೆ ಮತ್ತು ಹಿಂದಿರುಗುವ ಮೆರವಣಿಗೆ



ಉತ್ತರ ಗಲಿಲಿಯ ಬೆಟ್ಟಸಾಲಿನಲ್ಲಿ, ಲೆಬನಾನಿನ ಗಡಿಗೆ ಹತ್ತಿರದಲ್ಲಿ, ಇಕ್ರಿತ್ ಎಂಬ ಊರಿತ್ತು. ಐದುನೂರು ಜನರ ಆಸುಪಾಸಿನ ಸಣ್ಣ ಊರು. ಹೆಚ್ಚಿನವರು ಅರಬ್ ಕ್ರೈಸ್ತರು. 1948ರ ಅಕ್ಟೋಬರ್ ಕೊನೆಗೆ ಇಸ್ರೇಲಿನ ಸೇನೆ ಅಲ್ಲಿಗೆ ಬಂದಾಗ ಊರವರು ಹೋರಾಡಲಿಲ್ಲ, ಶರಣಾದರು. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಒಂದು ಮಾತು ಹೇಳಿದರು: ಗಡಿಯಲ್ಲಿ ಗಲಾಟೆಯಿದೆ, ಎರಡು ವಾರದ ಮಟ್ಟಿಗೆ ರಾಮೆ ಎಂಬ ಊರಿಗೆ ಹೋಗಿರಿ, ಆಮೇಲೆ ಬರುವಿರಂತೆ. ಎರಡೇ ವಾರವಲ್ಲವೇ ಎಂದು ಜನ ಮನೆಗಳಿಗೆ ಬೀಗ ಹಾಕಿ, ಕೈಗೆ ಸಿಕ್ಕಷ್ಟು ಎತ್ತಿಕೊಂಡು ಹೊರಟರು.

ಆ ಎರಡು ವಾರ ಇನ್ನೂ ಮುಗಿದಿಲ್ಲ.

ಇಕ್ರಿತಿನವರು ಕಲ್ಲು ಎತ್ತಲಿಲ್ಲ, ಕೋರ್ಟಿಗೆ ಹೋದರು. 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಅವರನ್ನು ಊರಿಗೆ ಬಾರದಂತೆ ತಡೆಯಲು ಕಾನೂನಿನ ಆಧಾರವಿಲ್ಲ ಎಂದಿತು. ತೀರ್ಪು ಬಂದ ಮೇಲೆ ಸೇನೆ ಹೊಸದಾಗಿ ಆದೇಶ ಹೊರಡಿಸಿತು. ಊರವರು ಅದನ್ನೂ ಪ್ರಶ್ನಿಸಿದರು. ಆ ತಕರಾರು ವಿಚಾರಣೆಗೆ ಬರುವ ಮೊದಲೇ, ಆ ವರ್ಷದ ಡಿಸೆಂಬರ್ 24ರಂದು, ಕ್ರಿಸ್ಮಸ್ಸಿನ ಹಿಂದಿನ ದಿನ, ಸೈನಿಕರು ಊರಿನ ಮನೆಗಳನ್ನೆಲ್ಲ ಸಿಡಿಮದ್ದಿಟ್ಟು ಉರುಳಿಸಿದರು. ಚರ್ಚೊಂದು ಉಳಿಯಿತು, ಸ್ಮಶಾನ ಉಳಿಯಿತು. ಇಂಥದೇ ಕಥೆ ಹತ್ತಿರದ ಬಿರ್‌ಇಮ್ ಊರಿನದು. ಅದರ ಮೇಲೆ 1953ರಲ್ಲಿ ವಿಮಾನಗಳಿಂದಲೇ ಬಾಂಬು ಹಾಕಲಾಯಿತು. ಈಗ ಅದೊಂದು ರಾಷ್ಟ್ರೀಯ ಉದ್ಯಾನ.

1970ರ ದಶಕದಿಂದ ಇಕ್ರಿತಿನವರಿಗೆ ಒಂದು ಅವಕಾಶ ಸಿಕ್ಕಿದೆ: ತೀರಿಕೊಂಡವರನ್ನು ಊರಿನ ಸ್ಮಶಾನದಲ್ಲಿ ಮಣ್ಣು ಮಾಡಬಹುದು. ಸತ್ತರೆ ಊರಿಗೆ ಬರಬಹುದು, ಬದುಕಿದ್ದಾಗ ಬಂದು ನೆಲೆಸುವಂತಿಲ್ಲ. ಇವರು ಇಸ್ರೇಲಿನ ಪ್ರಜೆಗಳು. ಮತ ಹಾಕುತ್ತಾರೆ, ತೆರಿಗೆ ಕಟ್ಟುತ್ತಾರೆ. 1990ರ ದಶಕದಲ್ಲಿ ಸರ್ಕಾರದ್ದೇ ಸಮಿತಿಯೊಂದು ಇವರನ್ನು ಸೀಮಿತ ಜಾಗದಲ್ಲಾದರೂ ಮರಳಲು ಬಿಡಬಹುದೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 2003ರಲ್ಲಿ ಅದೇ ಸುಪ್ರೀಂ ಕೋರ್ಟು ಭದ್ರತೆಯ ಕಾರಣವನ್ನು ಒಪ್ಪಿ ಅರ್ಜಿಯನ್ನು ತಳ್ಳಿಹಾಕಿತು. 2012ರಿಂದ ಊರಿನ ಮೂರನೇ ತಲೆಮಾರಿನ ಹುಡುಗರು ಸರದಿಯ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಮಲಗತೊಡಗಿದರು. ಅವರು ನೆಟ್ಟ ಗಿಡಗಳನ್ನು ಅಧಿಕಾರಿಗಳು ಕಿತ್ತರು, ಅವರು ಮತ್ತೆ ನೆಟ್ಟರು.

ಇಂದಿನ ನನ್ನ ಮಾತಿನ ತಿರುಳು ಈ ಊರಿನಲ್ಲಿದೆ. ಪ್ಯಾಲೆಸ್ತೀನಿಯರು ಪ್ರತಿ ವರ್ಷ ಮೇ 15ರಂದು ಆಚರಿಸುವ ನಕ್ಬಾ ದಿನವನ್ನು, ಅಂದರೆ 1948ರ ಮಹಾವಿಪತ್ತಿನ ಸ್ಮರಣೆಯನ್ನು, ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಶೋಕದಿನವೆಂದು ಬರೆಯುತ್ತವೆ. ಶೋಕವೇನೋ ಹೌದು. ಆದರೆ ಮುಗಿದುಹೋದದ್ದಕ್ಕೆ ನಾವು ತಿಥಿ ಮಾಡುತ್ತೇವೆ. ಇವರು ಮಾಡುತ್ತಿರುವುದು ಇತ್ಯರ್ಥವಾಗದ ಅರ್ಜಿಯೊಂದನ್ನು ವರ್ಷ ವರ್ಷವೂ ಮತ್ತೆ ದಾಖಲಿಸುವ ಕೆಲಸ. ಹಾಗಲ್ಲದಿದ್ದರೆ ಒಂದು ಬಲಿಷ್ಠ ರಾಜ್ಯ ಆ ನೆನಪನ್ನು ತಡೆಯಲು ಕಾನೂನು ಮಾಡುವ ಅಗತ್ಯ ಬರುತ್ತಿರಲಿಲ್ಲ. ಆ ಕಾನೂನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಡೆದದ್ದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ತೀನನ್ನು ಎರಡಾಗಿ ಹಂಚುವ ನಿರ್ಣಯ ಮಾಡಿತು. ತಾನೇ ಆಗಷ್ಟೇ ಎರಡಾಗಿದ್ದ ಭಾರತ ಅದರ ವಿರುದ್ಧ ಮತ ಹಾಕಿತು. ಅಂದಿನಿಂದಲೇ ಒಳಯುದ್ಧ ಶುರುವಾಯಿತು. 1948ರ ಏಪ್ರಿಲ್ 9ರಂದು ಜೆರುಸಲೇಮಿನ ಮಗ್ಗುಲಿನ ದೇರ್ ಯಾಸೀನ್ ಊರಿನಲ್ಲಿ ನೂರಕ್ಕೂ ಹೆಚ್ಚು ಜನರ ಹತ್ಯೆಯಾಯಿತು, ಆ ಸುದ್ದಿ ಊರಿಂದೂರಿಗೆ ಹಬ್ಬಿ ಜನ ದಿಕ್ಕೆಟ್ಟರು. ಮೇ 14ರಂದು ಇಸ್ರೇಲ್ ಸ್ಥಾಪನೆಯ ಘೋಷಣೆ, ಮರುದಿನ ನೆರೆಯ ಅರಬ್ ದೇಶಗಳ ಸೇನೆಗಳ ಪ್ರವೇಶ. ಜುಲೈನಲ್ಲಿ ಲಿದ್ದಾ ಮತ್ತು ರಾಮ್ಲೆ ಪಟ್ಟಣಗಳಿಂದ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬೇಸಿಗೆಯ ಬಿಸಿಲಿನಲ್ಲಿ ನಡೆಸಿ ಹೊರಗಟ್ಟಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ನಿರಾಶ್ರಿತರಾಗಿದ್ದರು. ಚರಿತ್ರೆಕಾರ ವಲೀದ್ ಖಾಲಿದಿ ಅವರು 1992ರ ತಮ್ಮ ಗ್ರಂಥದಲ್ಲಿ ಬರಿದಾದ 418 ಹಳ್ಳಿಗಳನ್ನು ಒಂದೊಂದಾಗಿ ದಾಖಲಿಸಿದ್ದಾರೆ. ಜನ ತಾವಾಗಿಯೇ ಹೋದರೆಂಬ ವಾದ ಬಹುಕಾಲ ನಡೆಯಿತು. 1980ರ ದಶಕದಲ್ಲಿ ಇಸ್ರೇಲಿನ ಪತ್ರಾಗಾರಗಳು ತೆರೆದುಕೊಂಡ ಮೇಲೆ ಬೆನ್ನಿ ಮಾರಿಸ್ ಮೊದಲಾದ ಇಸ್ರೇಲಿ ವಿದ್ವಾಂಸರೇ ಆ ವಾದವನ್ನು ಅಲುಗಾಡಿಸಿದರು.

1948ರ ಈ ಕಥೆಯಲ್ಲಿ ಹೈಫಾ ನಗರದ ಹೆಸರು ಬಂದಾಗ ನಾವು ಕನ್ನಡಿಗರು ಒಂದು ಗಳಿಗೆ ನಿಲ್ಲಬೇಕು. 1918ರ ಸೆಪ್ಟೆಂಬರ್ 23ರಂದು ಆ ನಗರವನ್ನು ತುರ್ಕರಿಂದ ಗೆದ್ದ ಅಶ್ವದಳಗಳಲ್ಲಿ ಜೋಧಪುರದ್ದು ಒಂದು, ನಮ್ಮ ಮೈಸೂರು ಲಾನ್ಸರ್ಸ್ ಇನ್ನೊಂದು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರು ಸೀಮೆಯ ಸವಾರರು. ಆ ಸೈನಿಕರ ಸ್ಮಾರಕಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅವರ ಶೌರ್ಯವನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಆ ಗೆಲುವಿನ ಫಲವಾಗಿ ಅಲ್ಲಿ ನೆಲೆಯೂರಿದ್ದು ಬ್ರಿಟಿಷ್ ಆಳ್ವಿಕೆ. ಒಬ್ಬರ ನಾಡಿನಲ್ಲಿ ಇನ್ನೊಬ್ಬರಿಗೆ, ಅಂದರೆ ಯಹೂದಿಗಳಿಗೆ, ರಾಷ್ಟ್ರೀಯ ನೆಲೆಯ ಮಾತನ್ನು 1917ರಲ್ಲೇ ಕೊಟ್ಟಿದ್ದ ಆಳ್ವಿಕೆ ಅದು. ಮೂವತ್ತು ವರ್ಷಗಳ ನಂತರ, 1948ರ ಏಪ್ರಿಲ್ ಕೊನೆಯ ಭಾಗದಲ್ಲಿ, ಅದೇ ಹೈಫಾದ ಅರಬರು ಬಂದರಿನತ್ತ ಓಡಿ ದೋಣಿ ಹತ್ತಿದರು. ಅರವತ್ತು ಸಾವಿರದ ಮೇಲಿದ್ದ ಅವರಲ್ಲಿ ನಗರದೊಳಗೆ ಉಳಿದವರು ಕೆಲವೇ ಸಾವಿರ, ಅವರನ್ನೂ ವಾದಿ ನಿಸ್ನಾಸ್ ಎಂಬ ಕೇರಿಗೆ ಒತ್ತರಿಸಲಾಯಿತು. ಆ ಗೆಲುವಿನ ನೆನಪಿಗೆ ಹೈಫಾ ದಿನವನ್ನು ಆಚರಿಸುವಾಗ ನಮ್ಮವರು 1918ಕ್ಕೆ ನಿಲ್ಲುತ್ತಾರೆ. 1948ರವರೆಗೆ ಓದುವುದು ನಮ್ಮ ಹೊಣೆ ಎಂದು ನಾನು ನಂಬಿದ್ದೇನೆ.

ಹೋದವರು ಏನನ್ನು ಒಯ್ದರು? ಮನೆಯ ಬೀಗದಕೈ ಒಯ್ದರು. ಹಳೆಯ ಕಾಲದ ದಪ್ಪ ಕಬ್ಬಿಣದ ಬೀಗದಕೈಗಳು. ಅದರ ಜೊತೆಗೆ ಕೂಶಾನ್ ಒಯ್ದರು, ಅಂದರೆ ತುರ್ಕರ ಕಾಲದಿಂದ ಬಂದ ಜಮೀನಿನ ಹಕ್ಕುಪತ್ರ. ಬೀಗದಕೈ ಇವತ್ತು ಮೆರವಣಿಗೆಗಳ ಲಾಂಛನವಾಗಿದೆ. ಬೆತ್ಲೆಹೇಮಿನ ಐದಾ ನಿರಾಶ್ರಿತರ ಶಿಬಿರದ ಬಾಗಿಲ ಮೇಲೆ ಭಾರೀ ಗಾತ್ರದ ಬೀಗದಕೈಯೇ ಇದೆ. ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಆ ಹಕ್ಕುಪತ್ರ. ಜಮೀನಿನ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮೂರು ತಲೆಮಾರು ಕಾಯುವುದು ಏನೆಂದು ರೈತರ ಮಕ್ಕಳಾದ ನಿಮಗೆ ನಾನು ವಿವರಿಸಬೇಕಿಲ್ಲ. ಲೆಬನಾನಿನ ಐನ್ ಅಲ್ ಹಿಲ್ವೆ ಶಿಬಿರದ ಕೇರಿಗಳಿಗೆ ಇಂದಿಗೂ ಕಳೆದುಹೋದ ಊರುಗಳದೇ ಹೆಸರು: ಸಫ್ಫೂರಿಯಾ, ಲೂಬ್ಯಾ, ಸಫ್‌ಸಾಫ್. ಹೆಂಗಸರ ನಿಲುವಂಗಿಯ ಕಸೂತಿಯನ್ನು ನೋಡಿ ಇದು ಯಾವ ಸೀಮೆಯದು ಎಂದು ಹಿರಿಯರು ಹೇಳುತ್ತಿದ್ದರು. ಆ ಕಸೂತಿ ಕಲೆಯನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಕ್ಕುಪತ್ರವಿದ್ದೂ ಜಮೀನು ಹೇಗೆ ಹೋಯಿತು? 1950ರಲ್ಲಿ ಇಸ್ರೇಲ್ 'ಗೈರುಹಾಜರಾದವರ ಆಸ್ತಿ' ಕಾಯ್ದೆ ಮಾಡಿತು. ಯುದ್ಧಕಾಲದಲ್ಲಿ ಊರು ಬಿಟ್ಟವನ ಆಸ್ತಿ ಸರ್ಕಾರ ನೇಮಿಸಿದ ಪಾಲಕನ ಕೈಸೇರಿತು. ನಮ್ಮ ಉಪಖಂಡದಲ್ಲೂ ದೇಶವಿಭಜನೆಯ ನಂತರ ವಲಸೆಹೋದವರ ಆಸ್ತಿಗೆ ಇಂಥ ಕಾನೂನುಗಳು ಬಂದವು. ಆದರೆ ಇಸ್ರೇಲಿನಲ್ಲಿ ವಿಚಿತ್ರವೊಂದು ನಡೆಯಿತು. ಪಕ್ಕದೂರಿಗೆ ಹೋಗಿ ದೇಶದೊಳಗೇ ಉಳಿದವನೂ ಗೈರುಹಾಜರೆಂದೇ ಲೆಕ್ಕ. ಅಲ್ ಬಿರ್ವಾ ಊರಿನ ಆರೇಳು ವರ್ಷದ ಹುಡುಗನೊಬ್ಬ ಮನೆಯವರೊಂದಿಗೆ ಲೆಬನಾನಿಗೆ ಓಡಿ, ಮರುವರ್ಷ ಕದ್ದು ಮರಳಿದಾಗ ಊರೇ ಇರಲಿಲ್ಲ. ಸ್ವಂತ ನಾಡಿನಲ್ಲಿ ಅವನು ಹಾಜರಿದ್ದೂ ಗೈರುಹಾಜರು. ಮುಂದೆ ಅವನನ್ನು ಲೋಕ ಮಹಮೂದ್ ದರ್ವೀಶ್ ಎಂಬ ಮಹಾಕವಿಯೆಂದು ತಿಳಿಯಿತು.

ಇಸ್ರೇಲಿನೊಳಗೆ ಉಳಿದ ಅರಬರ ಮೇಲೆ 1966ರವರೆಗೆ ಮಿಲಿಟರಿ ಆಡಳಿತವಿತ್ತು. ಊರಿಂದೂರಿಗೆ ಹೋಗಲು ಪರವಾನಗಿ ಚೀಟಿ ಬೇಕು. ವರ್ಷಕ್ಕೊಂದು ದಿನ, ಇಸ್ರೇಲಿನ ಸ್ವಾತಂತ್ರ್ಯೋತ್ಸವದಂದು, ಚೀಟಿಯಿಲ್ಲದೆ ಓಡಾಡಲು ಬಿಡುತ್ತಿದ್ದರು. ಆ ದಿನವನ್ನೇ ಹಿಡಿದುಕೊಂಡು ಜನ ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈಹಿಡಿದು ತಮ್ಮ ಪಾಳುಬಿದ್ದ ಊರುಗಳಿಗೆ ಹೋಗಿ ಬರುತ್ತಿದ್ದರು. ಇದು ನಮ್ಮ ಬಾವಿ, ಇದು ನಿನ್ನಜ್ಜಿಯ ಅಂಜೂರದ ಮರ ಎಂದು ತೋರಿಸುತ್ತಿದ್ದರು. ಬಿದ್ದ ಮನೆಗಳ ನಡುವೆ ಪಾಪಾಸುಕಳ್ಳಿ ಮತ್ತೆ ಮತ್ತೆ ಚಿಗುರಿ ಹಿತ್ತಿಲಿನ ಎಲ್ಲೆಯನ್ನು ತಾನೇ ಹೇಳುತ್ತಿತ್ತು. 1998ರಿಂದ ಅದೇ ದಿನದಂದು ವರ್ಷಕ್ಕೊಂದು ಪಾಳೂರಿಗೆ ಸಾವಿರಾರು ಜನ ನಡೆದುಹೋಗುವ 'ಹಿಂದಿರುಗುವ ಮೆರವಣಿಗೆ' ರೂಢಿಗೆ ಬಂತು. ಅದರ ಘೋಷಣೆ ನೇರವಾದದ್ದು: ನಿಮ್ಮ ಸ್ವಾತಂತ್ರ್ಯದ ದಿನ ನಮ್ಮ ನಕ್ಬಾ ದಿನ. ಎರಡು ಜನಾಂಗಗಳ ಸ್ಮರಣೆಯ ಮೂಲವೂ ಅದೇ 1948 ಎಂಬುದು ಕಹಿಯಾದ ಸತ್ಯ, ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಲು ಬರುವುದಿಲ್ಲ. ಇದನ್ನು ಅರಿತ ಯಹೂದಿಗಳೂ ಇದ್ದಾರೆ. 2002ರಲ್ಲಿ ಹುಟ್ಟಿದ 'ಝೋಖ್ರೋತ್' ಎಂಬ ಇಸ್ರೇಲಿ ಸಂಸ್ಥೆ ಅಳಿದ ಊರುಗಳ ಜಾಗದಲ್ಲಿ ಹೀಬ್ರೂ ಮತ್ತು ಅರಬ್ಬಿಯಲ್ಲಿ ಹೆಸರಿನ ಫಲಕ ನೆಡುತ್ತ ಬಂದಿದೆ.

ರಾಜ್ಯದ ಉತ್ತರವೇನು? 2011ರ ಮಾರ್ಚ್‌ನಲ್ಲಿ ಒಂದು ತಿದ್ದುಪಡಿ ಬಂತು, ಜನ ಅದನ್ನು ನಕ್ಬಾ ಕಾನೂನು ಎನ್ನುತ್ತಾರೆ. ಸರ್ಕಾರದ ಹಣ ಪಡೆಯುವ ಸಂಸ್ಥೆ ಸ್ವಾತಂತ್ರ್ಯದಿನವನ್ನು ಶೋಕದಿನವಾಗಿ ಆಚರಿಸಿದರೆ ಹಣಕಾಸು ಸಚಿವರು ಅದರ ಅನುದಾನ ಕಡಿತ ಮಾಡಬಹುದು. ಶಾಲೆ, ರಂಗಮಂದಿರ, ಪುರಸಭೆ ಎಲ್ಲಕ್ಕೂ ಇದರ ಅಂಜಿಕೆ. ಇನ್ನೂ ಗಂಭೀರವಾದದ್ದು 2019ರಲ್ಲಿ ಇಸ್ರೇಲಿನ ಹಾರೆಟ್ಜ್ ಪತ್ರಿಕೆ ಬಯಲಿಗೆಳೆದ ಸಂಗತಿ: ರಕ್ಷಣಾ ಸಚಿವಾಲಯದ ಒಂದು ವಿಭಾಗದವರು ಪತ್ರಾಗಾರಗಳಿಗೆ ಹೋಗಿ, ಈಗಾಗಲೇ ವಿದ್ವಾಂಸರು ನೋಡಿದ್ದ 1948ರ ಕಡತಗಳನ್ನು ಮತ್ತೆ ಮುಚ್ಚಿಸುತ್ತಿದ್ದರು.

ಗಾಜಾದ ಮಾತಿಗೆ ಬರುತ್ತೇನೆ. ಅಲ್ಲಿನ ಹತ್ತರಲ್ಲಿ ಏಳು ಜನ 1948ರ ನಿರಾಶ್ರಿತರು ಮತ್ತು ಅವರ ಸಂತತಿ. ಅವರ ಎಷ್ಟೋ ಊರುಗಳು ಇಸ್ರೇಲಿನ ಗಡಿಬೇಲಿಯಾಚೆ ಕೆಲವೇ ಮೈಲಿ ದೂರದಲ್ಲಿದ್ದವು. 2018ರಲ್ಲಿ ಅಹ್ಮದ್ ಅಬು ಅರ್ತೆಮಾ ಎಂಬ ಲೇಖಕರು ಫೇಸ್‌ಬುಕ್ಕಿನಲ್ಲಿ ಒಂದು ಕಲ್ಪನೆ ಬರೆದರು: ನಾವು ಆಯುಧವಿಲ್ಲದೆ ಬೇಲಿಯತ್ತ ನಡೆದರೆ ಏನಾದೀತು? ಮಾರ್ಚ್ 30 ಆರಂಭದ ದಿನವಾಯಿತು. 1976ರಲ್ಲಿ ಗಲಿಲಿಯ ಭೂಸ್ವಾಧೀನವನ್ನು ವಿರೋಧಿಸಿದ ಆರು ಮಂದಿ ಗುಂಡಿಗೆ ಬಲಿಯಾದ ಭೂಮಿ ದಿನ ಅದು. ಬೇಲಿಯಿಂದ ದೂರದಲ್ಲಿ ಡೇರೆಗಳೆದ್ದವು, ಅವುಗಳ ಮೇಲೆ ಹಳೆಯ ಊರಿನ ಹೆಸರುಗಳು. ಅಜ್ಜಿಯರು ರೊಟ್ಟಿ ಸುಟ್ಟರು, ಹುಡುಗರು ದಬ್ಕೆ ಕುಣಿದರು. ಟೈರು ಸುಟ್ಟವರೂ, ಕಲ್ಲೆಸೆದವರೂ, ಬೆಂಕಿಯ ಗಾಳಿಪಟ ಹಾರಿಸಿದವರೂ, ಬೇಲಿ ಕತ್ತರಿಸಲು ನೋಡಿದವರೂ ಇದ್ದರು. ಮೆರವಣಿಗೆಯ ಮೇಲೆ ಹಮಾಸ್ ಸಂಘಟನೆಯ ಹಿಡಿತ ಬರಬರುತ್ತ ಬಿಗಿಯಾಯಿತು. ಇದನ್ನು ಬಚ್ಚಿಡಬೇಕಿಲ್ಲ. ಆದರೆ ದೂರದ ಮಣ್ಣದಿಬ್ಬಗಳ ಮೇಲೆ ಮಲಗಿದ್ದ ಇಸ್ರೇಲಿ ಗುರಿಗಾರರು ಹಾರಿಸಿದ್ದು ಸಜೀವ ಗುಂಡು. ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ಉದ್ಘಾಟನೆಯಾದ ಮೇ 14ರ ಒಂದೇ ದಿನ ಸತ್ತವರು ಸುಮಾರು 60 ಮಂದಿ. ವಿಶ್ವಸಂಸ್ಥೆಯ ತನಿಖಾ ಆಯೋಗದ ಪ್ರಕಾರ ಆ ವರ್ಷದ ಕೊನೆಯೊಳಗೆ ಸಜೀವ ಗುಂಡಿಗೆ ಸತ್ತವರು 183. ನೂರಕ್ಕೂ ಹೆಚ್ಚು ಮಂದಿಯ ಕೈಕಾಲು ಕತ್ತರಿಸಬೇಕಾಯಿತು.

ಸಭೆಯಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ತಿಳಿದಿದೆ. ಯುರೋಪಿನಲ್ಲಿ 60 ಲಕ್ಷ ಯಹೂದಿಗಳ ಕೊಲೆಯಾಯಿತಲ್ಲ? ಅರಬ್ ದೇಶಗಳಿಂದ ಲಕ್ಷಾಂತರ ಯಹೂದಿಗಳು ಮನೆಮಠ ಬಿಟ್ಟು ಬಂದರಲ್ಲ? 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಕೋರರು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದು, 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರಲ್ಲ? ಹೌದು, ಇವೆಲ್ಲ ನಡೆದವು, ಇವೆಲ್ಲವನ್ನೂ ನೆನೆಯಬೇಕು. ಆದರೆ ಇವುಗಳಲ್ಲಿ ಯಾವುದೂ ಇಕ್ರಿತಿನ ರೈತನ ತಪ್ಪಲ್ಲ. ಒಬ್ಬರ ದುಃಖವನ್ನು ಇನ್ನೊಬ್ಬರ ಲೆಕ್ಕದಲ್ಲಿ ವಜಾ ಮಾಡುವ ಹಕ್ಕು ಯಾರಿಗೂ ಇಲ್ಲ. ಅಕ್ಟೋಬರ್ ನಂತರದ ಯುದ್ಧದಲ್ಲಿ ಗಾಜಾದ ಸುಮಾರು 19 ಲಕ್ಷ ಜನ, ಹತ್ತರಲ್ಲಿ ಒಂಬತ್ತು ಪಾಲು, ನೆಲೆ ಕಳೆದುಕೊಂಡರು. 1948ರಲ್ಲಿ ಹುಡುಗಿಯಾಗಿ ಡೇರೆ ಸೇರಿದ್ದವರು ಮುದಿವಯಸ್ಸಿನಲ್ಲಿ ಮತ್ತೆ ಡೇರೆ ಸೇರಿದರು. 2023ರ ನವೆಂಬರಿನಲ್ಲಿ ಇಸ್ರೇಲಿನ ಸಚಿವರೊಬ್ಬರೇ ಟಿವಿಯಲ್ಲಿ ಇದನ್ನು ಗಾಜಾದ ನಕ್ಬಾ ಎಂದು ಕರೆದರು. ಯಾವುದನ್ನು ನೆನೆದರೆ ಅನುದಾನ ಕಡಿತವಾಗುತ್ತದೋ ಅದೇ ಹೆಸರು.

1948ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆ 194ನೇ ನಿರ್ಣಯದಲ್ಲಿ, ನೆರೆಯವರೊಂದಿಗೆ ಶಾಂತಿಯಿಂದ ಬಾಳಬಯಸುವ ನಿರಾಶ್ರಿತರನ್ನು ಮನೆಗೆ ಮರಳಲು ಬಿಡಬೇಕು, ಮರಳಲು ಬಯಸದವರಿಗೆ ಪರಿಹಾರ ಕೊಡಬೇಕು ಎಂದಿತು. ಆ ನಿರ್ಣಯ ರದ್ದಾಗಿಲ್ಲ, ಜಾರಿಯೂ ಆಗಿಲ್ಲ. ಅದೇ ಮಹಾಸಭೆಯ ಸಭಾಂಗಣದಲ್ಲಿ ನಕ್ಬಾ ಸ್ಮರಣೆ ಮೊದಲ ಬಾರಿ ನಡೆದದ್ದು 2023ರ ಮೇ 15ರಂದು, 75 ವರ್ಷಗಳ ನಂತರ. ಇಂದು ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯಲ್ಲಿ ನೋಂದಾಯಿತರಾದ ಪ್ಯಾಲೆಸ್ತೀನಿ ನಿರಾಶ್ರಿತರು ಸುಮಾರು 59 ಲಕ್ಷ. ಇಷ್ಟೂ ಜನ ಹೇಗೆ, ಎಲ್ಲಿ, ಎಷ್ಟರ ಮಟ್ಟಿಗೆ ಮರಳಬಹುದು ಎಂಬುದು ಅವರೂ ಇಸ್ರೇಲಿನವರೂ ಎದುರುಬದುರು ಕೂತು ತೀರ್ಮಾನಿಸಬೇಕಾದ ಕಷ್ಟದ ವಿಷಯ. ಆದರೆ ಅರ್ಜಿಯೇ ಇಲ್ಲವೆಂದು ಹೇಳಿ ಯಾವ ತೀರ್ಮಾನಕ್ಕೂ ಬರಲಾಗದು.

ಕೊನೆಯದಾಗಿ ಈ ಉಪನ್ಯಾಸದ ದತ್ತಿ ಸಮಿತಿಯವರಲ್ಲಿ ಒಂದು ಕೋರಿಕೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ, ಕಣ್ಣಾರೆ ಕಂಡವರ ಸಂಖ್ಯೆ ದಿನೇದಿನೇ ಇಳಿಯುತ್ತಿದೆ. ಅವರ ನೆನಪುಗಳು ಅರಬ್ಬಿಯಲ್ಲಿವೆ, ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿವೆ. ಮುಂದಿನ ವರ್ಷದ ದತ್ತಿ ಹಣದಲ್ಲಿ ಒಂದು ಪಾಲನ್ನು ಇಂಥ ಒಂದಾದರೂ ಆತ್ಮಕಥನವನ್ನು ಕನ್ನಡಕ್ಕೆ ತರಲು ತೆಗೆದಿಡಬೇಕು. ಅದರ ಪಕ್ಕದಲ್ಲೇ ಅದೇ ವರ್ಷಗಳ ಒಂದು ಯಹೂದಿ ಆತ್ಮಕಥನವನ್ನೂ ತರಬೇಕು. ಇಂದಿನ ಉಪನ್ಯಾಸದ ಗೌರವಧನವನ್ನು ಆ ಕೆಲಸಕ್ಕೇ ಬಿಟ್ಟುಕೊಡುತ್ತಿದ್ದೇನೆ.