ಗಿಲಾವಿಗೆ ಮುನ್ನ ಗೋಡೆಯ ಸಿದ್ಧತೆ



ಮನೆ ಕಟ್ಟಿಸುವುದು ಸಾಮಾನ್ಯ ಕುಟುಂಬವೊಂದು ತನ್ನ ಜೀವಮಾನದಲ್ಲಿ ಕೈಗೊಳ್ಳುವ ಅತಿ ದೊಡ್ಡ ವೆಚ್ಚದ ಕಾರ್ಯ. ಅಂತಹ ಮನೆಯ ಗೋಡೆಯ ಗಿಲಾವು ಎರಡು ಮೂರು ವರ್ಷಗಳಲ್ಲಿಯೇ ಉಬ್ಬಿ, ಬಿರುಕುಬಿಟ್ಟು, ಚಕ್ಕೆ ಚಕ್ಕೆಯಾಗಿ ಉದುರತೊಡಗಿದರೆ ಮನೆಯವರು ಸಿಮೆಂಟನ್ನು ದೂರುತ್ತಾರೆ, ಗಾರೆ ಕೆಲಸದವರು ಮರಳನ್ನು ದೂರುತ್ತಾರೆ. ಆದರೆ ಉದುರಿದ ಚಕ್ಕೆಯನ್ನು ತಿರುಗಿಸಿ ನೋಡಿದರೆ ಅನೇಕ ವೇಳೆ ಕಾರಣ ಅಲ್ಲಿಯೇ ಕಾಣುತ್ತದೆ. ಅದರ ಹಿಂಬದಿ ನುಣುಪಾಗಿದ್ದು, ಧೂಳು ಮೆತ್ತಿಕೊಂಡಿದ್ದರೆ, ಆ ಗಿಲಾವು ಗೋಡೆಯನ್ನು ಎಂದೂ ಹಿಡಿದೇ ಇರಲಿಲ್ಲವೆಂದು ತಿಳಿಯಬೇಕು.

ಗಿಲಾವಿನ ಆಯುಷ್ಯವು ಅದನ್ನು ಬಳಿಯುವುದಕ್ಕೆ ಮೊದಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಗೋಡೆ ಶುಚಿಯಾಗಿರಬೇಕು, ಒರಟಾಗಿರಬೇಕು, ಹದವಾಗಿ ತೇವಗೊಂಡಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉತ್ತಮ ಸಿಮೆಂಟು ಸಹ ನೆರವಿಗೆ ಬಾರದು.

ಮೊದಲನೆಯದಾಗಿ, ಗೋಡೆಯೊಳಗೆ ಹೋಗಬೇಕಾದ ಎಲ್ಲ ಕೆಲಸಗಳೂ ಮುಗಿದಿರಬೇಕು. ವಿದ್ಯುತ್ ತಂತಿಯ ಕೊಳವೆಗಳು, ನೀರಿನ ಪೈಪುಗಳು, ಬಾಗಿಲು ಕಿಟಕಿಗಳ ಚೌಕಟ್ಟುಗಳು ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಪೈಪಿಗಾಗಿ ಕೊರೆದ ಕಾಲುವೆಗಳನ್ನೂ ಸಾರುವೆಯ ತೂತುಗಳನ್ನೂ ಮುಂಚಿತವಾಗಿ ಮುಚ್ಚಿ, ಅವು ಗಟ್ಟಿಯಾಗಲು ಅವಕಾಶ ಕೊಡಬೇಕು. ಗಿಲಾವಾದ ಮೇಲೆ ಗೋಡೆಯನ್ನು ಮತ್ತೆ ಕೊರೆದರೆ ಅಲ್ಲಿ ಹಾಕಿದ ತೇಪೆಯ ಅಂಚಿನಲ್ಲಿ ಬಿರುಕು ಸುಲಭವಾಗಿ ಮೂಡುತ್ತದೆ. ಹೊಸ ಗೋಡೆಗೆ ಕನಿಷ್ಠ ಏಳು ದಿನ ನೀರುಣಿಸಿರಬೇಕು. ಕಟ್ಟಿದ ಗಾರೆ ಗಟ್ಟಿಯಾಗಿ ಗೋಡೆ ನೆಲೆಗೊಳ್ಳುವವರೆಗೂ ಗಿಲಾವಿಗೆ ಅವಸರ ಪಡಬಾರದು.

ಎರಡನೆಯದು ಸಂದುಗಳನ್ನು ಕೆರೆಯುವ ಕೆಲಸ. ಇಟ್ಟಿಗೆ ಇಟ್ಟಿಗೆಗಳ ನಡುವಣ ಗಾರೆಯನ್ನು ಸುಮಾರು 10 ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಯಬೇಕು. ಗಿಲಾವು ಈ ಸಂದುಗಳೊಳಗೆ ಹೊಕ್ಕು, ಬೇರು ಬಿಟ್ಟಂತೆ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಗೋಡೆ ಕಟ್ಟಿದ ದಿನವೇ, ಗಾರೆ ಇನ್ನೂ ಹಸಿಯಾಗಿರುವಾಗ ಕೆರೆದರೆ ಕೆಲಸ ಸುಲಭ. ಗಟ್ಟಿಯಾದ ಮೇಲೆ ಉಳಿ ಸುತ್ತಿಗೆಗಳಿಂದ ಹೊಡೆಯಬೇಕಾಗುತ್ತದೆ, ಇಟ್ಟಿಗೆಯ ಅಂಚುಗಳೂ ಒಡೆಯುತ್ತವೆ.

ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಮೈ ನುಣುಪಾಗಿರುತ್ತದೆ. ಅಚ್ಚಿನ ಹಲಗೆಗೆ ಬಳಿದ ಎಣ್ಣೆಯ ಜಿಡ್ಡು ಅದರ ಮೇಲೆ ಉಳಿದಿರಬಹುದು. ಜಿಡ್ಡನ್ನು ತೊಳೆದು, ಮೈಯೆಲ್ಲ ಒತ್ತಾಗಿ ಉಳಿಯ ಕಚ್ಚುಗಳನ್ನು ಹಾಕಬೇಕು. ಕಾಂಕ್ರೀಟು ಮತ್ತು ಇಟ್ಟಿಗೆ ಸೇರುವ ಗೆರೆಯಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬಿಸಿಲು ಚಳಿಗಳಿಗೆ ಇವೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದಕಾರಣ ಆ ಗೆರೆಯ ಎರಡೂ ಬದಿಗೆ ಸುಮಾರು 15 ಸೆಂಟಿಮೀಟರ್ ಚಾಚುವಂತೆ ತಂತಿಯ ಜಾಲರಿಯನ್ನು ಬಿಗಿಯಾಗಿ ಹೊಡೆಯುವುದು ವಾಡಿಕೆ. ತೊಲೆಯ ಕೆಳಗೆ ನೇರವಾಗಿ ಓಡುವ ಬಿರುಕು ಈ ಜಾಲರಿಯನ್ನು ಬಿಟ್ಟ ಮನೆಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಮೂರನೆಯದು ಶುಚಿ. ಧೂಳು, ಸಡಿಲ ಗಾರೆ, ಪಾಚಿ ಇವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಗೋಡೆಯ ಮೇಲೆ ಬಿಳಿಯ ಉಪ್ಪು ಮೂಡಿದ್ದರೆ ಅದನ್ನು ಮೊದಲು ಒಣ ಬ್ರಷ್ಷಿನಿಂದಲೇ ಉದುರಿಸಬೇಕು. ಆರಂಭದಲ್ಲಿಯೇ ನೀರು ಹಾಕಿದರೆ ಉಪ್ಪು ಕರಗಿ ಪುನಃ ಇಟ್ಟಿಗೆಯೊಳಕ್ಕೆ ಇಳಿಯುತ್ತದೆ. ಉಪ್ಪು ಮರಳಿ ಮರಳಿ ಮೂಡುತ್ತಿದ್ದರೆ ತೇವ ಬರುವ ಮೂಲವನ್ನು ಹುಡುಕಿ ಸರಿಪಡಿಸುವ ತನಕ ಗಿಲಾವನ್ನು ಮುಂದೂಡುವುದು ಲೇಸು.

ಕೊನೆಯದು ತೇವ. ಸುಟ್ಟ ಇಟ್ಟಿಗೆ ತನ್ನ ತೂಕದ ಶೇಕಡ 15ರಿಂದ 20ರಷ್ಟು ನೀರನ್ನು ಹೀರಬಲ್ಲದು. ಮೂರು ಕಿಲೋ ತೂಗುವ ಒಂದು ಇಟ್ಟಿಗೆ ಅರ್ಧ ಲೀಟರಿನಷ್ಟು ನೀರು ಕುಡಿಯಬಹುದೆಂದರೆ, ಒಣ ಗೋಡೆಯ ದಾಹವನ್ನು ಊಹಿಸಿಕೊಳ್ಳಬಹುದು. ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆ ನೀರನ್ನು ಗೋಡೆಯೇ ಹೀರಿಕೊಂಡರೆ ಗಿಲಾವು ಪುಡಿಪುಡಿಯಾಗಿ ಉಳಿಯುತ್ತದೆ. ಹಾಗೆಂದು ನೀರು ಸುರಿಯುತ್ತಿರುವ ಗೋಡೆಯೂ ಸಲ್ಲದು, ಅದರ ಮೇಲೆ ಗಾರೆ ನಿಲ್ಲದೆ ಜಾರುತ್ತದೆ. ಚೆನ್ನಾಗಿ ನೆನೆಸಿದ ಮೇಲೆ ಮೇಲ್ಮೈಯ ನೀರು ಇಂಗಿ, ಒಳಗೆ ತೇವ ಉಳಿದಿರುವ ಸ್ಥಿತಿಯೇ ಹದ. ದೆಹಲಿಯ ಬೇಸಿಗೆಯ ಒಣಗಾಳಿಯಲ್ಲಿ ಗೋಡೆ ಬೇಗ ಒಣಗುವುದರಿಂದ ಮತ್ತೆ ಮತ್ತೆ ಚಿಮುಕಿಸಬೇಕಾದೀತು. ಮುಂಬಯಿಯ ಮಳೆಗಾಲದಲ್ಲಿ ತೊಯ್ದ ಹೊರಗೋಡೆ ಆರುವವರೆಗೆ ಕಾಯಬೇಕಾದೀತು. ಈಚೆಗೆ ನಗರಗಳಲ್ಲಿ ಬಳಕೆಗೆ ಬಂದಿರುವ ಹಗುರವಾದ ಎ.ಎ.ಸಿ. ಬ್ಲಾಕುಗಳನ್ನು ಇಟ್ಟಿಗೆಯಂತೆ ತೋಯಿಸದೆ, ಮೈ ಮಾತ್ರ ನೆನೆಯುವಂತೆ ಚಿಮುಕಿಸಿದರೆ ಸಾಕು.

ಈ ಸಿದ್ಧತೆಯನ್ನು ಪರೀಕ್ಷಿಸಲು ಪರಿಣತಿ ಬೇಕಿಲ್ಲ. ಗೋಡೆಯನ್ನು ಅಂಗೈಯಿಂದ ಸವರಿದಾಗ ಧೂಳು ಹತ್ತಬಾರದು. ನೀರು ಎರಚಿದಾಗ ಹನಿಗಳು ಹೀರದೆ ಉರುಳಿ ಹೋದರೆ ಅಲ್ಲಿ ಜಿಡ್ಡಿದೆ; ಕ್ಷಣದಲ್ಲಿ ಮಾಯವಾದರೆ ಗೋಡೆಗೆ ಇನ್ನೂ ನೀರು ಬೇಕು. ತೂಗುಗುಂಡು ಮತ್ತು ದಾರದಿಂದ ಗೋಡೆಯ ಉಬ್ಬು ತಗ್ಗುಗಳನ್ನು ಅಳೆದು, ಎರಡು ಮೀಟರಿಗೆ ಮೀರದ ಅಂತರದಲ್ಲಿ ದಪ್ಪದ ಗುರುತಿಗಾಗಿ ಗಾರೆಯ ಸಣ್ಣ ಬಿಲ್ಲೆಗಳನ್ನು ಕೂರಿಸಬೇಕು. ಒಳಗೋಡೆಗೆ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ದಪ್ಪ ಸಾಕು. ಆಳವಾದ ತಗ್ಗುಗಳನ್ನು ಒಂದೇ ಸಲಕ್ಕೆ ದಪ್ಪವಾಗಿ ಮೆತ್ತದೆ ಮೊದಲೇ ತುಂಬಿಕೊಳ್ಳಬೇಕು.

ವಾಸದ ಮನೆಯಲ್ಲಿ ಹಳೆಯ ಗಿಲಾವನ್ನು ಕಿತ್ತು ಹೊಸದು ಮಾಡಿಸುವವರು ಗೋಡೆಗೆ ನೀರು ಹಾಕುವ ಮುನ್ನ ವಿದ್ಯುತ್ತಿನ ಮೈನ್ ಸ್ವಿಚ್ಚನ್ನು ತಪ್ಪದೆ ಆರಿಸಬೇಕು. ಉಳಿ ಹೊಡೆಯುವವರು ಕಣ್ಣಿಗೆ ಕನ್ನಡಕ ಧರಿಸಬೇಕು, ಧೂಳು ಒಳಹೋಗದಂತೆ ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಮಕ್ಕಳನ್ನು ಆ ಕೋಣೆಯಿಂದ ದೂರವಿಡಬೇಕು.

ಪರಊರುಗಳಲ್ಲಿ ನೆಲೆಸಿದ ಕನ್ನಡಿಗರು ಕೆಲಸದವರೊಡನೆ ಬೇರೆ ಭಾಷೆಯಲ್ಲಿ ವ್ಯವಹರಿಸಬೇಕಾಗುತ್ತದೆ. ಪುಣೆಯ ಕೆಲಸಗಾರನಿಗೂ ಇದು ‘ಗಿಲಾವಾ’ವೇ, ಚೆನ್ನೈಯಲ್ಲಿ ಅದು ‘ಪೂಚ್ಚು’. ಹೆಸರು ಯಾವುದಾದರೂ ಗೋಡೆ ಕೇಳುವುದು ಅದೇ ಮೂರು ಸಿದ್ಧತೆಗಳನ್ನು. ಕೆಲಸವನ್ನು ಒಪ್ಪಿಸುವಾಗಲೇ ಸಂದು ಕೆರೆಯುವುದು, ಕಚ್ಚು ಹಾಕುವುದು, ಜಾಲರಿ ಹೊಡೆಯುವುದು, ನೆನೆಸುವುದು ಇವನ್ನು ಪ್ರತ್ಯೇಕವಾಗಿ ಮಾತನಾಡಿ, ಅದಕ್ಕೆ ತಗಲುವ ದಿನಗಳ ಕೂಲಿಯನ್ನೂ ಗೊತ್ತುಪಡಿಸಿಕೊಳ್ಳುವುದು ನ್ಯಾಯ. ಕೂಲಿಯಿಲ್ಲದ ಕೆಲಸ ಅವಸರದಲ್ಲಿ ಮುಗಿಯುತ್ತದೆ. ಗಿಲಾವು ಬಿದ್ದ ಮೇಲೆ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದ ಮೊದಲ ಕರಣೆ ಗಾರೆ ಗೋಡೆಗೆ ತಾಗುವ ಮುನ್ನವೇ ಮನೆಯವರು ಗೋಡೆಯನ್ನು ಒಮ್ಮೆ ಮುಟ್ಟಿ ನೋಡತಕ್ಕದ್ದು.